ಅಟ್ಟದ ಚೀಟಿ

ಫೆಬ್ರವರಿ 26, ಮಧ್ಯಾಹ್ನ

ತಮ್ಮನಿಗೆ,

ದೊಡ್ಡಮ್ಮ ಹತ್ತೊಂಬತ್ತನೇ ತಾರೀಕು ಬಚ್ಚಲಲ್ಲಿ ಜಾರಿ ಬಿದ್ದಳು. ಬಲತೊಡೆಯ ಮೂಳೆ ಮುರಿದಿದೆ. ಆರು ದಿನ ಆಸ್ಪತ್ರೆಯಲ್ಲಿದ್ದು ನಿನ್ನೆ ಮನೆಗೆ ಬಂದೆವು. ಪ್ರಾಣಕ್ಕೆ ಅಪಾಯವಿಲ್ಲ. ಇಷ್ಟು ಓದಿ ಮೊದಲು ಉಸಿರು ಬಿಡು, ಮಿಕ್ಕದ್ದು ನಿಧಾನವಾಗಿ ಹೇಳುತ್ತೇನೆ.

ಈ ವಯಸ್ಸಿಗೆ ಆಪರೇಷನ್ ಬೇಡ ಎಂದರು ಎಲುಬಿನ ಡಾಕ್ಟರು. ಕಾಲಿಗೆ ಪಟ್ಟಿ ಸುತ್ತಿ, ಪಟ್ಟಿಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಮೂರು ಕಿಲೋ ಭಾರ ತೂಗಬಿಟ್ಟು ಆರು ವಾರ ಮಲಗಿಸಬೇಕು. ಏಪ್ರಿಲ್ ಒಂಬತ್ತರವರೆಗೆ ಅವಳು ಮಂಚದಿಂದ ಏಳಬಾರದು, ಮಂಚವೂ ಜಾಗ ಬಿಟ್ಟು ಕದಲಬಾರದು. ಕದಲಿದರೆ ಮೂಳೆ ಸೊಟ್ಟಗೆ ಕೂಡುತ್ತದಂತೆ. ಅವಳ ಕೋಣೆ ಕಿರಿದು, ಎರಡೂ ಕಡೆಯಿಂದ ಹೋಗಿ ಮೈ ಒರೆಸಲು ಜಾಗವಿಲ್ಲ. ಹಾಗಾಗಿ ಮಂಚವನ್ನು ನಡುಕೋಣೆಯಲ್ಲಿ, ನೀನು ಗೋಡೆಗೆ ಕೂರಿಸಿದ ಅಟ್ಟದ ಕೆಳಗೆ ಹಾಕಿದ್ದೇನೆ. ರಾಟೆ, ಹಗ್ಗ, ಮರಳಿನ ಚೀಲ ಎಲ್ಲವನ್ನೂ ನಾನೇ ಜೋಡಿಸಿದೆ. ಆಸ್ಪತ್ರೆಯ ಕಬ್ಬಿಣದ ಚೌಕಟ್ಟು ಬೇಕಿದ್ದರೆ ಹದಿನೈದು ದಿನ ಕಾಯಬೇಕಿತ್ತು. ಡಾಕ್ಟರ ಸಹಾಯಕ ಬಂದು ನೋಡಿ, "ಯಾರಮ್ಮ ಇದನ್ನ ಕಟ್ಟಿದ್ದು?" ಅಂದ. "ನಾನೇ. ಬಟ್ಟೆ ಹೊಲೀತೀನಿ" ಅಂದೆ. "ಗಂಟು ನೋಡಿದ್ರೇ ಗೊತ್ತಾಗತ್ತೆ ಬಿಡಿ" ಅಂದು ಹೋದ. ಹೊಗಳಿದನೋ ತೆಗಳಿದನೋ ಇನ್ನೂ ಯೋಚಿಸುತ್ತಿದ್ದೇನೆ.

ಮುರಿದದ್ದು ಕಾಲು, ನಾಲಿಗೆಯಲ್ಲ. ಮಲಗಿದಲ್ಲಿಂದಲೇ, ನೆರೆಗೆಂದು ಕೂಡಿಟ್ಟ ಸಾಮಾನಿನ ತಿಂಗಳ ಎಣಿಕೆ ಮಾಡಿಸಿದಳು.

"ಮೇಣದಬತ್ತಿ?"

"ಇಪ್ಪತ್ತನಾಲ್ಕು."

"ಬೆಂಕಿಪೊಟ್ಟಣ?"

"ಹತ್ತು."

"ಬರೀ ಅಲ್ಲಾಡಿಸಿ ನೋಡಿದ್ಯೋ, ತೆಗೆದು ನೋಡಿದ್ಯೋ?"

ನೆರೆ ಬಂದ ವರ್ಷ ನಾವು ಮೂವರೂ ಚಾವಣಿಯ ಮೇಲೆ ನಾಲ್ಕು ದಿನ ಕೂತಿದ್ದಾಗ, 'ಬೆಂಕಿಪೊಟ್ಟಣ' ಎಂದು ಚೀಟಿ ಅಂಟಿಸಿದ್ದ ಡಬ್ಬಿಯೊಳಗೆ ಉರಿದ ಕಡ್ಡಿಗಳೇ ಇದ್ದವಲ್ಲ, ಅದನ್ನು ಅವಳು ಇನ್ನೂ ಕ್ಷಮಿಸಿಲ್ಲ. ನಿನಗೆ ಆಗ ನಾಲ್ಕು ವರ್ಷ, ನೆನಪಿರಲಾರದು. ನನಗೆ ನೆನಪಿದೆ. ಅವಳು ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ ಕೆಳಗಿನ ನೀರಿಗೆ ಎಸೆಯುತ್ತಿದ್ದಳು. ಈ ಮನೆಯಲ್ಲಿ ಚೀಟಿಯೆಂದರೆ ಆಣೆ ಎಂದಾದದ್ದು ಅಂದಿನಿಂದ.

ಈಗ ಮಲಗಿದವಳ ಕಣ್ಣಿಗೆ ನೇರವಾಗಿ ಕಾಣುವುದು ಅಟ್ಟದ ಅಡಿಯಲ್ಲಿ ನೀನು ಅಂಟಿಸಿದ ಚೀಟಿಯೇ. ನಿನ್ನೆಯಿಂದ ನಾಲ್ಕು ಸಲ ಗಟ್ಟಿಯಾಗಿ ಓದಿದ್ದಾಳೆ: "ಅಟ್ಟ. ಆರು ಬೋಲ್ಟ್, ನಾಲ್ಕಿಂಚು, ಕಾಂಕ್ರೀಟಿನವರೆಗೆ. ಮುನ್ನೂರು ಕಿಲೋ ತಡೆಯುತ್ತದೆ. ಡಿಸೆಂಬರ್ 28. ತಮ್ಮ." ಓದಿ, "ನಮ್ಮ ಮೊಳೆರಾಯ ಹುಟ್ಟಿದ ಮೇಲೆ ಮಾಡಿದ ಒಂದೇ ನೆಟ್ಟನೆ ಕೆಲಸ ಇದು" ಅನ್ನುತ್ತಾಳೆ. ಹತ್ತಿರ ಇದ್ದಾಗ ಎಂದೂ ಹೊಗಳದವಳು, ಕೇಳಿ ಖುಷಿಪಡು.

ಅಡುಗೆಮನೆಯ ನಲ್ಲಿ ಸೋರುತ್ತಿದೆ. ನಲ್ಲಿಯವನನ್ನು ಕರೆಸಲಾ ಎಂದರೆ, "ಮನೇಲಿ ಎರಡು ಕೈ ಇರೋವಾಗ ಹೊರಗಿನ ಕೈ ಯಾಕೆ?" ಅಂದಳು. ಅವಳ ಕೈಯಂತೂ ಅಲ್ಲ. ಹೇಗೆ ಮಾಡಬೇಕು, ಬರೆ.

ಅಕ್ಕ

&nbsp;

ಮಾರ್ಚ್ 6

ಅಕ್ಕಾ,

ನಮ್ಮ ದೀಪಸ್ತಂಭದ ಬಂಡೆಗೆ ಸಾಮಾನಿನ ದೋಣಿ ಈಗ ಬಂತು, ನಿನ್ನ ಕಾಗದ ತಂತು. ಸಾಮಾನು ಇಳಿಸಿ ದೋಣಿ ಹೊರಡಲು ಎರಡು ಗಂಟೆ ಬೇಕು, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ದೋಣಿಗೆ ಹತ್ತು ದಿನ ಕಾಯಬೇಕು.

ನಲ್ಲಿ ಸೋರುವುದು ವಾಷರ್ ಸವೆದಿರುವುದರಿಂದ. ಮೊದಲು ಬಚ್ಚಲ ಮೂಲೆಯ ದೊಡ್ಡ ಗೇಟ್ ವಾಲ್ವನ್ನು ಪೂರ್ತಿ ಮುಚ್ಚು. ಮುಚ್ಚಿದ ಮೇಲೆ ನಲ್ಲಿ ತಿರುಗಿಸಿ, ಉಳಿದ ನೀರು ಸುರಿದು ನಿಲ್ಲುವವರೆಗೆ ಕಾಯಿ. ಇದನ್ನು ಮರೆತರೆ ಅಡುಗೆಮನೆ ಕೆರೆಯಾಗುತ್ತದೆ. ನಲ್ಲಿಯ ಕುತ್ತಿಗೆಗೆ ಬಟ್ಟೆ ಸುತ್ತಿ, ಅದರ ಮೇಲೆ ಸ್ಪ್ಯಾನರ್ ಹಾಕು, ಗೀಚು ಬೀಳುವುದಿಲ್ಲ. ಬಿಚ್ಚಿದರೆ ತುದಿಯಲ್ಲಿ ಕಪ್ಪು ಬಿಲ್ಲೆ ಕಾಣುತ್ತದೆ. ಹೊಸದು ಸಿಗದಿದ್ದರೆ ಹಳೆಯ ರಬ್ಬರ್ ಚಪ್ಪಲಿಯ ಹಿಮ್ಮಡಿಯಿಂದ ಅದೇ ಅಳತೆಗೆ ಕತ್ತರಿಸಿಕೋ. ನಿನ್ನ ಕತ್ತರಿಗೆ ಅದು ಲೆಕ್ಕವೇ ಅಲ್ಲ.

ಇನ್ನೊಂದು ಮಾತು. ಮಂಚ ಕಿಟಕಿಯ ಪಕ್ಕ ಇದ್ದರೆ ಒಳ್ಳೆಯದು. ಅಟ್ಟದ ಕೆಳಗೆ ಗಾಳಿಯಾಡುವುದಿಲ್ಲ, ಬೆನ್ನು ಹುಣ್ಣಾದೀತು. ಕೇಳಿ ನೋಡು, ಆಸ್ಪತ್ರೆಯಲ್ಲೇ ಇನ್ನಷ್ಟು ದಿನ ಇಟ್ಟುಕೊಳ್ಳುತ್ತಾರೇನೋ. ಅಟ್ಟದಲ್ಲಿ ಈಗ ಏನೇನಿದೆ? ಎಲ್ಲ ಸೇರಿ ಎಷ್ಟು ತೂಕವಾದೀತು? ಸುಮ್ಮನೆ ಕೇಳಿದೆ. ಹಿಟ್ಟಿನ ಡಬ್ಬಿಗಳನ್ನು ಕೆಳಗಿಳಿಸಿಬಿಡು. ಮೇಲೆ ಸೆಕೆಗೆ ಹುಳ ಬೀಳುತ್ತದೆ.

ದೊಡ್ಡಮ್ಮನಿಗೆ, ಆ ಚೀಟಿಯನ್ನು ಅಷ್ಟೊಂದು ಓದಬೇಡ ಎನ್ನು. ಕಣ್ಣಿಗೆ ಆಯಾಸ.

ತಮ್ಮ

&nbsp;

ಮಾರ್ಚ್ 11, ಬೆಳಿಗ್ಗೆ

ತಮ್ಮನಿಗೆ,

ನಲ್ಲಿ ನಿಂತಿದೆ. ಒಂದು ಹನಿಯೂ ಇಲ್ಲ. ಮೊದಲ ಸಲ ವಾಲ್ವನ್ನು ಎಡಕ್ಕೆ ತಿರುಗಿಸಿ 'ಮುಚ್ಚಿದೆ' ಅಂದುಕೊಂಡೆ, ಅದು ಇನ್ನಷ್ಟು ತೆರೆದಿತ್ತು. ಸ್ಪ್ಯಾನರ್ ಹಾಕಿದ್ದೇ ತಡ, ನಲ್ಲಿಯ ಮಂಡೆ ಹಾರಿ ಪಾತ್ರೆಯ ಸ್ಟ್ಯಾಂಡಿಗೆ ಬಡಿಯಿತು. ನಡುಕೋಣೆಯಿಂದ ಕೂಗು: "ನೆರೆ ಬಂತೇನೇ? ಚಾವಣಿಗೆ ಹತ್ತಬೇಕಾ? ನಾನಂತೂ ಏಳಲ್ಲ!" ನಗುತ್ತಾ ನೆನೆಯುತ್ತಾ ವಾಲ್ವ್ ಮುಚ್ಚಿದೆ. ವಾಷರನ್ನು ಅವಳದೇ ಚಪ್ಪಲಿಯಿಂದ ಕತ್ತರಿಸಿದೆ. ಹೇಗೂ ಏಪ್ರಿಲ್‌ವರೆಗೆ ಬೇಡವಲ್ಲ. ಚೀಟಿಯನ್ನೂ ಅಂಟಿಸಿದ್ದೇನೆ: ನಲ್ಲಿ, ರಬ್ಬರ್ ವಾಷರ್, ಮಾರ್ಚ್ 9, ಅಕ್ಕ.

ನೀನು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಗಾಳಿಗೆ ಮೇಜಿನ ಫ್ಯಾನ್ ತಂದು ಮಂಚದ ಪಕ್ಕ ಇಟ್ಟೆ. ಹಿಟ್ಟಿನ ಡಬ್ಬಿಗಳನ್ನು ಇಳಿಸಿ, ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ, ಮತ್ತೆ ಮೇಲಿಟ್ಟೆ. ಹುಳದ ಭಯವಿಲ್ಲ. ಮಂಚ ಮಾತ್ರ ಕಿಟಕಿಗೆ ಹೋಗುವಂತಿಲ್ಲ, ಏಕೆಂದರೆ ರಾಟೆ ಇರುವುದು ಅಟ್ಟಕ್ಕೇ. ನಡುವಿನ ಬ್ರಾಕೆಟ್ಟಿನ ಮುಂತುದಿಗೆ ಕೊಕ್ಕೆ ಸಿಕ್ಕಿಸಿ ರಾಟೆ ತೂಗಿಸಿದ್ದೇನೆ. ಆ ಸಹಾಯಕ ತೋರಿಸಿದ ಎತ್ತರಕ್ಕೆ ಸರಿಯಾಗಿ ಅದೇ ಬಂತು. ಮುನ್ನೂರು ಕಿಲೋ ತಡೆಯುವುದಕ್ಕೆ ಮೂರು ಕಿಲೋ ಏನು ಮಹಾ?

ತೂಕ ಕೇಳಿದ್ದೆಯಲ್ಲ. ಡಬ್ಬಿ, ಕಂಬಳಿ, ಸೀಮೆಎಣ್ಣೆ, ಹಳೆಯ ಹೊಲಿಗೆ ಯಂತ್ರದ ತಲೆ, ಎಲ್ಲ ಸೇರಿ ಎಪ್ಪತ್ತು ಕಿಲೋ ಮೇಲಿಲ್ಲ. ಎರಡು ಡ್ರಮ್ಮೂ ಖಾಲಿ ಇವೆ. ಅವೂ ಇನ್ನು ಖಾಲಿ ಇರುವುದಿಲ್ಲ. ರಸ್ತೆಯ ದೊಡ್ಡ ಪೈಪ್ ಬದಲಿಸುತ್ತಾರಂತೆ. ಏಪ್ರಿಲ್ ಮೂರರಿಂದ ಐದು ದಿನ ಬೀದಿಗೇ ನೀರಿಲ್ಲ ಎಂದು ನೋಟೀಸು ಅಂಟಿಸಿದ್ದಾರೆ. ನೋಟೀಸು ಓದಿ ಹೇಳಿದಾಗ ದೊಡ್ಡಮ್ಮ, "ಅಟ್ಟ ಮಾಡಿಸಿದ್ದು ಇದಕ್ಕೇ" ಅಂದಳು.

ಅಕ್ಕ

&nbsp;

ಮಾರ್ಚ್ 16

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ.

ಡ್ರಮ್ ತುಂಬಿಸಬೇಡ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನಿಂತ ನೀರು ವಾಸನೆ ಹಿಡಿಯುತ್ತದೆ, ರೋಗಿಗೆ ಕೂಡದು. ಬಕೆಟ್, ಕೊಡ, ಪಾತ್ರೆಗಳಲ್ಲಿ ತುಂಬಿಸಿ ನೆಲದ ಮೇಲೆ ಇಡು. ರಾಟೆಯನ್ನು ನಡುವಿನ ಬ್ರಾಕೆಟ್ಟಿನಿಂದ ಬಾಗಿಲ ಕಡೆಯದಕ್ಕೆ ಬದಲಿಸಲಾಗುತ್ತದೆಯೇ, ಆ ಸಹಾಯಕನನ್ನು ಕೇಳು. ಹೊಲಿಗೆ ಯಂತ್ರದ ತಲೆಯನ್ನು ಇಳಿಸು, ಅದಕ್ಕೆ ಅಲ್ಲೇನು ಕೆಲಸ?

ಇನ್ನೊಂದು ಚಿಕ್ಕ ಪ್ರಯೋಗ ಮಾಡು. ಬೆರಳುದ್ದದ ತೆಳ್ಳನೆಯ ಗಾಜಿನ ಪಟ್ಟಿ ತೆಗೆದುಕೋ. ಕಿಟಕಿಯ ಕಡೆಯ ಬ್ರಾಕೆಟ್ಟಿನ ಮೇಲ್ಗಡೆ ಗಾರೆಯಲ್ಲಿ ಕೂದಲಿನಷ್ಟು ಬಿರುಕೇನಾದರೂ ಇದ್ದರೆ, ಅದರ ಮೇಲೆ ಅಡ್ಡಲಾಗಿ ಗಟ್ಟಿ ಅಂಟಿನಿಂದ ಅಂಟಿಸು. ಎರಡು ತುದಿ ಮಾತ್ರ ಅಂಟಬೇಕು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ಅಲುಗದಿದ್ದರೆ ಹಾಗೇ ಇರುತ್ತದೆ. ಇಲ್ಲಿ ನಾವು ದೀಪಸ್ತಂಭದ ಬುಡಕ್ಕೆ ಹೀಗೇ ಮಾಡುವುದು. ಏನಾಯಿತೆಂದು ಬರೆ. ಇದು ಬರೀ ಕುತೂಹಲ, ಗಾಬರಿಯಾಗಬೇಡ.

ನಿನ್ನೆ ದೀಪದ ಕೋಣೆಯ ನಲವತ್ತು ಬೋಲ್ಟುಗಳನ್ನೂ, ಹೊರಗಿನ ಏಣಿಯನ್ನೂ ಮತ್ತೆ ಬಿಗಿಮಾಡಿ ನೋಡಿದೆ. ಎಲ್ಲವೂ ಸರಿ ಇವೆ. ಅದನ್ನೇಕೆ ನಿನಗೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ತಮ್ಮ

&nbsp;

ಮಾರ್ಚ್ 21, ಸಂಜೆ

ತಮ್ಮನಿಗೆ,

ಒಂದು ಮಾತು ಕೇಳಲೇ? ನಾನು ದಣಿದಿದ್ದೇನೆ ಎಂದು ಎಲ್ಲಾದರೂ ಬರೆದೆನೇ? ಅಲ್ಲಿ ಯಾಕೆ ಮಲಗಿಸಿದೆ, ಆಸ್ಪತ್ರೆಯಲ್ಲೇ ಬಿಡು, ಡಬ್ಬಿ ಇಳಿಸು, ಡ್ರಮ್ ಬೇಡ, ರಾಟೆ ಬದಲಿಸು. ಎರಡು ಕಾಗದದಲ್ಲಿ ಎಂಟು ತಪ್ಪು ಹುಡುಕಿದ್ದೀಯ. ಅಷ್ಟು ದೂರದಲ್ಲಿ ಕೂತವನಿಗೆ ಇಲ್ಲಿಯ ಮಂಚ ನಿಂತ ಜಾಗ ಚುಚ್ಚುತ್ತದೆಯೇ? ಮೂವತ್ತು ವರ್ಷ ನಮ್ಮಿಬ್ಬರನ್ನು ಹೊತ್ತವಳನ್ನು ಆರು ವಾರ ನೋಡಿಕೊಳ್ಳುವುದು ನನಗೆ ಭಾರವಲ್ಲ. ಆ ಬೋಲ್ಟು ಬಿಗಿಮಾಡುವ ಸುದ್ದಿ ಓದಿ, ಒಂಟಿತನಕ್ಕೆ ನಿನ್ನ ತಲೆ ಕೆಟ್ಟಿತೇ ಎಂದೂ ಹೆದರಿದೆ. ಸರಿಯಾಗಿ ಊಟ ಮಾಡುತ್ತಿದ್ದೀಯಾ?

ಕೋಪ ಮುಗಿಯಿತು. ಈಗ ನಿನ್ನ ಪ್ರಯೋಗ.

ಬಿರುಕು ಇದೆ. ಕಿಟಕಿಯ ಕಡೆಯ ಬ್ರಾಕೆಟ್ಟಿನ ಮೇಲೆ ಗೇಣುದ್ದ, ದಾರದಷ್ಟು ಸಣ್ಣ. ಗಾಜಿಗೆ ಕೆಳಗಿನ ಮನೆಯ ಗಡಿಯಾರದವರ ಹತ್ತಿರ ಹೋದೆ. ಒಡೆದ ಶೋಕೇಸಿನ ತುಂಡನ್ನು ವಜ್ರದ ಕಡ್ಡಿಯಿಂದ ಗೀರಿ ಕೊಟ್ಟರು. ಹದಿನೆಂಟಕ್ಕೆ ಅಂಟಿಸಿದೆ. ಹತ್ತೊಂಬತ್ತರ ಮಧ್ಯಾಹ್ನ ನಡುವಿಗೆ ಸರಿಯಾಗಿ ಎರಡು ತುಂಡಾಗಿತ್ತು. ಗಾಬರಿಯಾಗಬೇಡ ಎಂದಿದ್ದೆಯಲ್ಲ, ಆಗಲಿಲ್ಲ. ರಸ್ತೆ ಅಗೆಯುವ ಯಂತ್ರ ನಮ್ಮ ಬಾಗಿಲಿಗೇ ಬಂದು ನಿಂತಿದೆ. ಅದು ಕುಟ್ಟುವಾಗ ಕಪಾಟಿನ ಲೋಟಗಳೆಲ್ಲ ಮಾತಾಡುತ್ತವೆ. ಇನ್ನೊಂದು ಪಟ್ಟಿ ಅಂಟಿಸಿದ್ದೇನೆ.

ಬೆಳಿಗ್ಗೆ ಹೊದಿಕೆಯ ಮೇಲೆ ಹಿಟ್ಟಿನಂಥ ಬಿಳಿಪುಡಿ ಬಿದ್ದಿರುತ್ತದೆ. ದೊಡ್ಡಮ್ಮ ಅನ್ನುತ್ತಾಳೆ, "ಮಧ್ಯಾಹ್ನ ಎಲ್ಲ ಸುಮ್ಮನಾದಾಗ ಗೋಡೆ ಹಲ್ಲು ಕಡಿಯತ್ತೆ ಕಣೆ." "ನಿನಗೆ ಹಲ್ಲಿಲ್ಲವಲ್ಲ, ಅದಕ್ಕೇ ಅದು ಕಡೀತಿದೆ" ಅಂದೆ. ನಕ್ಕಳು. ಆದರೆ ಆಮೇಲೆ ನಾನೂ ಕಿವಿಗೊಟ್ಟು ಕೂತೆ. ಯಂತ್ರ ನಿಂತ ಮೇಲೂ ಒಂದು ಸದ್ದು ಬಂದ ಹಾಗಿತ್ತು.

ಡ್ರಮ್ಮಿನ ವಾಸನೆಗೆ ಪರಿಹಾರ ಸಿಕ್ಕಿದೆ. ಕುದಿನೀರು, ಸೋಡಾ ಹಾಕಿ ಎರಡು ಸಲ ತೊಳೆದು, ಬಿಸಿಲಿಗೆ ಬಾಯಿ ತೆರೆದು ಇಟ್ಟಿದ್ದೇನೆ. ಮೂಸಿ ನೋಡಿದರೆ ಏನೂ ಇಲ್ಲ. ಮೂರನೇ ತಾರೀಕು ಕೊನೆಯ ನೀರು ಬಂದಾಗ, ನೀನು ಕಲಿಸಿದ ಹಾಗೆ ನಲ್ಲಿಗೆ ರಬ್ಬರ್ ಪೈಪ್ ಹಚ್ಚಿ ಅಟ್ಟದ ಮೇಲೇ ತುಂಬಿಸುತ್ತೇನೆ. ನೆಲದ ಮೇಲೆ ಪಾತ್ರೆ ಇಟ್ಟರೆ ಮಂಚದ ಸುತ್ತ ನಾನು ಓಡಾಡುವುದೆಲ್ಲಿ?

ಅಕ್ಕ

&nbsp;

ಮಾರ್ಚ್ 26

ಅಕ್ಕಾ,

ನಿನ್ನ ಮನಸ್ಸು ನೋಯಿಸಿದೆ. ಮಂಚವಾಗಲಿ ದೊಡ್ಡಮ್ಮನಾಗಲಿ ನನಗೆ ಚುಚ್ಚಲಿಲ್ಲ. ಇನ್ನು ಅಟ್ಟದ ಮಾತೆತ್ತುವುದಿಲ್ಲ.

ಡ್ರಮ್ಮುಗಳನ್ನು ಅರ್ಧ ಮಾತ್ರ ತುಂಬಿಸು. ಪೂರ್ತಿ ತುಂಬಿದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ.

ದೋಣಿಯವನು ಗಾಳಿ ಏಳುವ ಮೊದಲು ಹೊರಡಬೇಕೆಂದು ಅವಸರ ಮಾಡುತ್ತಿದ್ದಾನೆ. ಊಟ ಸರಿಯಾಗಿ ಮಾಡುತ್ತಿದ್ದೇನೆ.

ತಮ್ಮ

&nbsp;

ಮಾರ್ಚ್ 29

ಅಕ್ಕಾ,

ಇಪ್ಪತ್ತಾರರ ದೋಣಿ ಹೊರಟು ತಿರುವಿನಲ್ಲಿ ಮರೆಯಾಗುವ ಮೊದಲೇ, ಬರೆಯಬೇಕಾದದ್ದನ್ನು ಬರೆಯಲಿಲ್ಲ ಎಂದು ಗೊತ್ತಿತ್ತು. ಕೂಗಿದ್ದರೆ ಕೇಳಿಸುತ್ತಿತ್ತು. ಕೂಗಲಿಲ್ಲ. ಮುಂದಿನ ದೋಣಿ ಏಪ್ರಿಲ್ ಐದಕ್ಕೆ. ಈ ಕಾಗದ ನಿನ್ನ ಕೈ ಸೇರುವಾಗ ಏಳಾಗಿರುತ್ತದೆ. ಆದರೂ ಬರೆಯುತ್ತೇನೆ.

ಅಟ್ಟದ ಚೀಟಿ ಸುಳ್ಳು.

ಆ ದಿನ ನೆನಪಿದೆಯೇ? ಮರುದಿನ ಬೆಳಿಗ್ಗೆ ನನ್ನ ರಜೆ ಮುಗಿಯುತ್ತಿತ್ತು. ನೀನು ಹೊಲಿದ ಬಟ್ಟೆ ಕೊಡಲು ಹೋಗಿದ್ದೆ, ದೊಡ್ಡಮ್ಮ ಒಳಗೆ ಮಲಗಿದ್ದಳು. ಕೆಲಸ ಶುರುಮಾಡುವ ಮೊದಲೇ ಚೀಟಿ ಬರೆದು ಅಂಟಿಸಿಬಿಡುವುದು ನನ್ನ ಕೆಟ್ಟ ಅಭ್ಯಾಸ. ಬರೆದಂತೆ ಮಾಡಲೇಬೇಕಾಗುತ್ತದೆ ಎಂಬ ಧೈರ್ಯ. ಅಂದೂ ಹಾಗೇ ಅಂಟಿಸಿ, ತೂತು ಕೊರೆಯಲು ನಿಂತೆ. ಬಾಗಿಲ ಕಡೆ ಕಂಬ ಇದೆ, ಆ ಎರಡು ಬೋಲ್ಟು ಗಟ್ಟಿ ಕಾಂಕ್ರೀಟಿಗೆ ಹೋದವು. ನಡುವಿನ ಬ್ರಾಕೆಟ್ಟಿನ ಕೆಳಗಿನದೂ ಹೋಯಿತು. ಮಿಕ್ಕ ಮೂರಕ್ಕೆ ಕೊರೆದಾಗ ಡ್ರಿಲ್ಲು ಒಮ್ಮೆಲೇ ಒಳಗೆ ಬಿದ್ದಂತಾಯಿತು. ಅಲ್ಲಿರುವುದು ಟೊಳ್ಳು ಇಟ್ಟಿಗೆ. ಟೊಳ್ಳಿಗೆ ಬೇಕಾದ ಬೋಲ್ಟೇ ಬೇರೆ. ಅಂಗಡಿ ಮುಚ್ಚಿತ್ತು. ಆ ಮೂರು ತೂತುಗಳಿಗೆ ಮರದ ಬೆಣೆ ಬಡಿದು ಒಂದೂವರೆ ಇಂಚಿನ ಸ್ಕ್ರೂ ಹಾಕಿದೆ. ಅಲ್ಲಿಗೆ ನಿಲ್ಲಿಸಿ ಹೇಳಿದ್ದರೆ ತಪ್ಪು ಚಿಕ್ಕದಾಗುತ್ತಿತ್ತು. ನಾನು ಬೋಲ್ಟುಗಳ ತಲೆ ಕೊಯ್ದು, ಸ್ಕ್ರೂಗಳ ಮೇಲೆ ಪುಟ್ಟಿಯಿಂದ ಅಂಟಿಸಿ, ಬಣ್ಣ ಬಳಿದೆ. ನೋಡುವವರಿಗೆ ಆರೂ ಒಂದೇ.

ಚೀಟಿಯನ್ನು ಕಿತ್ತು ಹಾಕಬೇಕೆಂದು ಕೈ ಎತ್ತಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಎದ್ದು ಬಂದಳು. ಓದಿದಳು. "ಎಲ್ಲಿ, ಜೋತು ಬೀಳು ನೋಡೋಣ" ಅಂದಳು. ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದೆ. ಬಾಗಿಲ ಕಡೆಗೆ. ಅಲುಗಲಿಲ್ಲ. "ಭೇಷ್" ಅಂದಳು. ಅವಳ ಬಾಯಿಂದ ಆ ಮಾತು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮುಂದಿನ ರಜೆಯಲ್ಲಿ ಸರಿಮಾಡುತ್ತೇನೆ, ಅಲ್ಲಿಯವರೆಗೆ ಡಬ್ಬಿ ಕಂಬಳಿ ತಾನೇ, ತಡೆಯುತ್ತದೆ ಎಂದುಕೊಂಡೆ. ಹದಿನೈದು ತಿಂಗಳಾಯಿತು. ಅದರ ಕೆಳಗೆ ಆಗ ಯಾರೂ ಮಲಗುತ್ತಿರಲಿಲ್ಲ.

ಗಾಳಿ, ಹುಳ, ವಾಸನೆ, ಮುಚ್ಚಳ, ಎಲ್ಲವೂ ನೆಪ. ನಾನು ಕೊಟ್ಟ ಒಂದೊಂದು ನೆಪವನ್ನೂ ನೀನು ಸರಿಪಡಿಸುತ್ತಾ ಹೋದೆ. ನಿಜ ಹೇಳಿದ್ದರೆ ಅದನ್ನೂ ಅಷ್ಟೇ ಅಚ್ಚುಕಟ್ಟಾಗಿ ಸರಿಪಡಿಸುತ್ತಿದ್ದೆ. ಗಾಜು ಒಡೆದದ್ದು ಯಂತ್ರದಿಂದಲ್ಲ ಅಕ್ಕಾ. ಬಿಳಿಪುಡಿ ಬೀಳುತ್ತಿರುವುದು ಬೆಣೆ ಇರುವ ತೂತಿನಿಂದ.

ಇಲ್ಲಿ ವೈರ್‌ಲೆಸ್ ಇದೆ. ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ ಬಂದರಿನ ಕಚೇರಿಯವರು ಆ ತುದಿಯಲ್ಲಿ ಕೂತಿರುತ್ತಾರೆ. ಅಲ್ಲಿಂದ ನಮ್ಮ ಮನೆಗೆ ಇಪ್ಪತ್ತು ನಿಮಿಷದ ದಾರಿ. ಆದರೆ ಇಲ್ಲಿ ಆಡಿದ ಮಾತು ಸಾಲಿನ ಹನ್ನೊಂದು ದೀಪಸ್ತಂಭಗಳಿಗೂ ಕೇಳಿಸುತ್ತದೆ, ಪುಸ್ತಕದಲ್ಲಿ ಬರೆದಿಡುತ್ತಾರೆ. ಇಲ್ಲಿಯ ಮೇಲ್ವಿಚಾರಕರಿಗೆ ಅರವತ್ತು ವರ್ಷ. ದಿನಾ ಗಾಜು ಒರೆಸಲು ಹೊರಗಿನ ಏಣಿ ಹತ್ತುತ್ತಾರೆ. ನೂರಿಪ್ಪತ್ತು ಅಡಿ ಕೆಳಗೆ ಬಂಡೆ. ಅವರು ಏಣಿಯನ್ನು ಅಲ್ಲಾಡಿಸಿ ನೋಡುವುದಿಲ್ಲ, ಅದರ ಪಕ್ಕ ನಾನು ಅಂಟಿಸಿದ ಚೀಟಿಯನ್ನು ನೋಡುತ್ತಾರೆ. ಸ್ವಂತ ಮನೆಯಲ್ಲಿ ಸುಳ್ಳು ಚೀಟಿ ಅಂಟಿಸಿದವನು ಎಂದು ಗೊತ್ತಾದ ಮೇಲೆ ಅವರು ಯಾವ ಧೈರ್ಯದಿಂದ ಹತ್ತಬೇಕು? ಇದನ್ನೇ ಯೋಚಿಸುತ್ತಾ ಮೂರು ದಿನ ಕಳೆದೆ.

&nbsp;

ಏಪ್ರಿಲ್ 2, ಮಧ್ಯಾಹ್ನ

ತಮ್ಮನಿಗೆ,

ನಿನ್ನ ಇಪ್ಪತ್ತಾರರ ಪುಟ್ಟ ಕಾಗದ ಬಂತು. ನಾನು ಹಾಗೆಲ್ಲ ಬರೆಯಬಾರದಿತ್ತು. ಅಷ್ಟು ದೂರದಲ್ಲಿದ್ದೂ ಇಲ್ಲಿಯ ಹುಳ, ಗಾಳಿ, ವಾಸನೆಯ ಚಿಂತೆ ಮಾಡುತ್ತೀಯ. ನಾನು ಅದನ್ನು ತಪ್ಪು ಹುಡುಕುವುದು ಎಂದುಕೊಂಡೆ.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗುತ್ತಿದೆ. ಕಳೆದ ಕಾಗದದಲ್ಲಿ ಬರೆಯಲಿಲ್ಲ, ಈಗ ಬರೆಯುತ್ತೇನೆ. ಎರಡನೇ ಗಾಜು ಇಪ್ಪತ್ಮೂರಕ್ಕೆ ಒಡೆಯಿತು. ಮೂರನೆಯದು ಇಪ್ಪತ್ತೊಂಬತ್ತಕ್ಕೆ. ಆಮೇಲೆ ಗಾಜು ಬಿಟ್ಟು ನನ್ನ ಸೂಜಿಗಳಿಂದಲೇ ಅಳೆಯತೊಡಗಿದೆ. ಮೊದಲ ದಿನ ಬಿರುಕಿನಲ್ಲಿ ಸಣ್ಣ ಕೈಸೂಜಿ ಕಷ್ಟಪಟ್ಟು ಹೋಗುತ್ತಿತ್ತು. ಮೊನ್ನೆ ಯಂತ್ರದ ಸೂಜಿ ಹೋಯಿತು. ಇಂದು ಬೆಳಿಗ್ಗೆ ಗೋಣಿ ಹೊಲಿಯುವ ದಬ್ಬಣ ಹೋಯಿತು, ಅದೂ ಸಲೀಸಾಗಿ.

ಗಡಿಯಾರದವರನ್ನು ಕರೆದು ತೋರಿಸಿದೆ. ಅವರು ಕಣ್ಣಿಗೆ ಸಿಕ್ಕಿಸುವ ಮಸೂರ ಹಾಕಿಕೊಂಡೇ ಸ್ಟೂಲು ಹತ್ತಿದರು. ಬಹಳ ಹೊತ್ತು ನೋಡಿ, "ಮೂರು ಸಲ ಒಡೆದ್ರೆ ಅದು ಗಾಜಿನ ತಪ್ಪಲ್ಲಮ್ಮ" ಅಂದರು.

"ರೀ ಗಡಿಯಾರದವ್ರೇ," ಮಂಚದಿಂದ ದೊಡ್ಡಮ್ಮ, "ಮೇಲೆ ಹತ್ತಿದ್ದೀರಲ್ಲ, ಕೆಳಗಿಳಿದು ಚೀಟಿ ಓದಿ."

ಇಳಿದು ಓದಿದರು. "ಕಾಂಕ್ರೀಟಿನವರೆಗೆ ಹೋಗಿದೆಯಾ? ಹಾಗಾದ್ರೆ ಬರೀ ಮೇಲಿನ ಗಾರೆ ಬಿರುಕು. ರಸ್ತೆ ಕೆಲಸ ಮುಗಿದ ಮೇಲೆ ಮೆತ್ತಿದ್ರಾಯ್ತು" ಅಂದರು. ಆದರೆ ಬಾಗಿಲ ತನಕ ಹೋದವರು ತಿರುಗಿ ಇನ್ನೊಮ್ಮೆ ನೋಡಿದರು. "ನಿಮ್ಮ ತಮ್ಮ ದೀಪಸ್ತಂಭದಲ್ಲಿ ಇದೇ ಕೆಲಸ ತಾನೆ ಮಾಡೋದು?" ಅಂದರು. ಹೌದು ಎಂದೆ. "ಸರಿ ಬಿಡಿ."

ಅವರು ಹೋದ ಮೇಲೆ ದೊಡ್ಡಮ್ಮ, "ಹೆದರಿಕೆ ಆಗ್ತಿದ್ರೆ ಡ್ರಮ್ ಬೇಡ ಬಿಡೆ. ಐದು ದಿನ ನಾನು ನೀರು ಕುಡಿಯಲ್ಲ" ಅಂದಳು. ಅದನ್ನು ತಮಾಷೆಯಾಗಿ ಹೇಳಿದ್ದಲ್ಲ. ಚಾವಣಿಯ ಮೇಲಿನ ಮೂರನೇ ದಿನವೂ ಇದೇ ಮಾತು ಹೇಳಿದ್ದಳು, ತನ್ನ ಪಾಲಿನ ಲೋಟವನ್ನು ನಿನ್ನ ಬಾಯಿಗೆ ಹಿಡಿಯುತ್ತಾ. ಅಂದು ಅವಳ ತುಟಿ ಒಡೆದು ರಕ್ತ ಬರುತ್ತಿತ್ತು. ಈಗ ಬೆನ್ನಿನಲ್ಲಿ ರೂಪಾಯಿಯಗಲದ ಹುಣ್ಣು ಎದ್ದಿದೆ. ದಿನಕ್ಕೆ ಮೂರು ಸಲ ತೊಳೆಯದಿದ್ದರೆ ಕೀವಾಗುತ್ತದೆ ಎಂದಿದ್ದಾರೆ. ನನ್ನ ಗೋಡೆಯ ಹೆದರಿಕೆಗಿಂತ ಆ ಹೆದರಿಕೆ ದೊಡ್ಡದು.

ಆದ್ದರಿಂದ ನಾನು ನಿಶ್ಚಯ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಆರಕ್ಕೆ ಕೊನೆಯ ನೀರು ಬಿಡುತ್ತಾರೆ, ಏಳಕ್ಕೆ ನಿಲ್ಲಿಸುತ್ತಾರೆ. ಒಂದೊಂದು ಡ್ರಮ್ಮಿಗೆ ಕಾಲು ಗಂಟೆ ಸಾಕು. ಗಡಿಯಾರದವರ ಹೆಂಡತಿ ಬಂದು ಸ್ಟೂಲು ಹಿಡಿದುಕೊಳ್ಳುತ್ತಾರೆ, ನಾನು ಹತ್ತಿ ಪೈಪು ಹಿಡಿಯುತ್ತೇನೆ. ಅರ್ಧ ತುಂಬಿಸಿದರೆ ಐದು ದಿನಕ್ಕೆ ಸಾಲದು, ಪೂರ್ತಿ ತುಂಬಿಸುತ್ತೇನೆ. ಮುಚ್ಚಳದ ಮೇಲೆ ಬಟ್ಟೆ ಬಿಗಿದು ಕಟ್ಟುತ್ತೇನೆ.

ನೀನು ಇಲ್ಲಿದ್ದಿದ್ದರೆ ಒಮ್ಮೆ ಕೇಳಿ ಧೈರ್ಯ ಮಾಡಿಕೊಳ್ಳುತ್ತಿದ್ದೆ. ಇಲ್ಲದ್ದಕ್ಕೆ ಈಗ ಟಾರ್ಚ್ ಹಾಕಿ ಚೀಟಿಯನ್ನೇ ಓದಿದೆ. ನಿನ್ನ ಅಕ್ಷರ ನೋಡಿದರೆ ನೀನೇ ಹೇಳಿದ ಹಾಗಾಗುತ್ತದೆ.

ಅಕ್ಕ

&nbsp;

ಏಪ್ರಿಲ್ 2, ಸಂಜೆ ಆರು

ಇಪ್ಪತ್ತೊಂಬತ್ತರ ಕಾಗದದ ಕೆಳಗೇ ಬರೆಯುತ್ತಿದ್ದೇನೆ.

ಇಂದು ಸಂಜೆ ನಾಲ್ಕೂವರೆಗೆ ವೈರ್‌ಲೆಸ್ ಕೋಣೆಯ ಬಾಗಿಲಿಗೆ ಹೋದೆ. ಒಳಗೆ ಮೇಲ್ವಿಚಾರಕರು ಹವಾಮಾನ ಓದಿ ಹೇಳುತ್ತಿದ್ದರು. ನನ್ನನ್ನು ನೋಡಿ, "ಏನಪ್ಪಾ, ಒಳಗೆ ಬಾ" ಅಂದರು. "ಏನಿಲ್ಲ, ಆಮೇಲೆ ಬರ್ತೀನಿ" ಅಂದೆ. ಮೆಟ್ಟಿಲ ಮೇಲೆ ಕೂತೆ. ಐದಾಯಿತು. ಯಂತ್ರ ಆರಿಸುವ ಸದ್ದು ಕೇಳಿಸಿತು. ಈಗ ಆ ತುದಿಯಲ್ಲಿ ಕೇಳಲು ಯಾರೂ ಇಲ್ಲ.

ಅವರು ಕೆಳಗಿಳಿದು ಬಂದು ನನ್ನ ಪಕ್ಕ ನಿಂತರು. "ಮನೇಲಿ ಎಲ್ಲ ಸೌಖ್ಯ ತಾನೆ?" ಅಂದರು. "ಹೂಂ" ಅಂದೆ. ಆಮೇಲೆ ಅವರು ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು, ಏಣಿಯನ್ನು ಒಂದು ಸಲವೂ ಅಲ್ಲಾಡಿಸಿ ನೋಡದೆ, ಗಾಜು ಒರೆಸಲು ಹತ್ತಿ ಹೋದರು. ಅವರು ಇಳಿಯುವವರೆಗೆ ನಾನು ಕೆಳಗೆ ನಿಂತು ನೋಡಿದೆ. ನನ್ನ ಏಣಿ ಗಟ್ಟಿ ಇದೆ ಎಂದು ನನಗೆ ಗೊತ್ತು. ಆದರೂ ಅದರ ಬುಡವನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ನಾಳೆ ಅಲ್ಲಿ ನೀನು ಪೈಪು ಹಿಡಿದು ಆ ಅಟ್ಟದ ಬಳಿ ನಿಲ್ಲುತ್ತೀಯ.

ನಿಶ್ಚಯ ಮಾಡಿದ್ದೇನೆ. ನಾಳೆ ಆರಕ್ಕೆ ಕಾಲು ಗಂಟೆ ಮೊದಲು ಅವರ ಬಾಗಿಲು ಬಡಿಯುತ್ತೇನೆ. ಅವರಿಗೆ ಎಲ್ಲವನ್ನೂ ಹೇಳುತ್ತೇನೆ. ಆರಕ್ಕೆ ಬಂದರಿನ ಕಚೇರಿಯವರು ವೈರ್‌ಲೆಸ್ ಎತ್ತಿದ ಕೂಡಲೇ ಹನ್ನೊಂದು ದೀಪಸ್ತಂಭಗಳೂ ಕೇಳುವಂತೆ ಓದುತ್ತೇನೆ. ಓದುವಾಗ ಒಂದು ಮಾತೂ ತಪ್ಪದಿರಲಿ ಎಂದು ಈಗಲೇ ಬರೆದಿಟ್ಟುಕೊಂಡಿದ್ದೇನೆ:

"ನಡುಕೋಣೆಯ ಅಟ್ಟ. ಆರು ಬೋಲ್ಟಿನಲ್ಲಿ ಮೂರು ಸುಳ್ಳು. ಡ್ರಮ್ ತುಂಬಿಸಬೇಡಿ. ಅಟ್ಟಕ್ಕೆ ಕೆಳಗಿನಿಂದ ಎರಡು ಗಟ್ಟಿ ಮರದ ಆಸರೆ ಕೊಡಿ. ಮಂಚವನ್ನು ಮೂಳೆ ಸೊಟ್ಟಗಾದರೂ ಸರಿ ಈಗಲೇ ಎಳೆಯಿರಿ. ಏಪ್ರಿಲ್ 3. ತಮ್ಮ."

ಕೆಲಸಕ್ಕೆ ಮೊದಲೇ ನಾನು ಬರೆದಿಟ್ಟ ಚೀಟಿ ಇದೂ ಒಂದು. ತಾರೀಕು ನಾಳೆಯದು. ಕೆಲಸ ಇನ್ನೂ ಆಗಿಲ್ಲ.